ಬರಗಾಲದ ನೀರಿನ ಪ್ಲಾನ್‌ನಲ್ಲಿ "ಅಗತ್ಯ ಕ್ರಮ" ಅಂದ್ರೆ ಏನು?

ಖಾಲಿಬಿಂದಿಗೆ ಕೇಳಿದ್ದು:
ನಗರಸಭೆಯವ್ರು ಬರಗಾಲಕ್ಕೆ ಅಂತ ಒಂದು ಕರಡು ಪ್ಲಾನ್ ಬಿಟ್ಟಿದ್ದಾರೆ, ಅಭಿಪ್ರಾಯ ಇದ್ರೆ ಬರ್ದು ಕೊಡಿ ಅಂದಿದ್ದಾರೆ. ಕೂತು ಪೂರ್ತಿ ಓದ್ದೆ. "ಅಗತ್ಯ ಬಿದ್ದಲ್ಲಿ ಅಗತ್ಯ ಕ್ರಮ ಕೈಗೊಳ್ಳಲಾಗುವುದು" ಅನ್ನೋದು ಏಳು ಸಲ ಇದೆ (ಎಣಿಸ್ದೆ, ಬೇರೆ ಕೆಲ್ಸ ಇರ್ಲಿಲ್ಲ). ಅಗತ್ಯ ಯಾವಾಗ ಬೀಳುತ್ತೆ, ಬಿತ್ತು ಅಂತ ಯಾರು ಹೇಳ್ತಾರೆ, ಅದಿಲ್ಲ. ಸ್ಪಷ್ಟವಾಗಿರೋದು ಒಂದೇ, ಡ್ಯಾಂ ಇಳಿದ್ರೆ ದಿನ ಬಿಟ್ಟು ದಿನ ನೀರು ಬಿಡ್ತಾರಂತೆ. ಇದು ಸಾಕಾ? ನಾನು ಇಂಜಿನಿಯರ್ ಅಲ್ಲ, ಸುಮ್ನೆ ಬೈದು ಬರೆಯೋಕಿಂತ ಏನಾದ್ರೂ ಉಪಯೋಗ ಆಗೋ ಹಾಗೆ ಬರೀಬೇಕು ಅಂತ ಕೇಳ್ತಿದೀನಿ.

ವಾಲ್ವ್‌ಕೀಲಿ:
ನೀರು ಸಪ್ಲೈಲೇ ಹದಿನೆಂಟು ವರ್ಷ ಆಯ್ತು ನಂಗೆ. ದಿನ ಬಿಟ್ಟು ದಿನ ಅನ್ನೋದು ಕೇಳೋಕೆ ಉಳಿತಾಯ ಥರ ಇರುತ್ತೆ ಅಷ್ಟೇ. ಪೈಪ್ ಖಾಲಿ ಆದ್ರೆ ಒಳಗೆ ಪ್ರೆಶರ್ ಇರಲ್ಲ, ಎಲ್ಲಿ ಜಾಯಿಂಟ್ ಸಡಿಲ ಇದೆಯೋ ಅಲ್ಲಿಂದ ಚರಂಡಿ ನೀರನ್ನ ಒಳಗೆ ಎಳ್ಕೊಳುತ್ತೆ, ಮಾರನೇ ದಿನ ವಾಲ್ವ್ ಬಿಟ್ಟಾಗ ಮೊದ್ಲು ಬರೋ ಆ ಕೆಂಪು ನೀರು ನೋಡಿದೀರಲ್ಲ, ವಾಸನೆನೂ ಇರುತ್ತೆ. ಮೇಲಾಗಿ ಜನ ಸಂಪು, ಡ್ರಮ್ಮು, ಬಕೆಟ್ಟು ಎಲ್ಲಾ ತುಂಬ್ಸಿಟ್ಟು, ಹೊಸ ನೀರು ಬಂದ ತಕ್ಷಣ ಹಳೇದನ್ನ ಅಂಗಳಕ್ಕೆ ಚೆಲ್ತಾರೆ. ಉಳೀತಾ? ಇಲ್ಲ.

ಅದ್ರ ಬದ್ಲು ರಾತ್ರಿ ಪ್ರೆಶರ್ ಇಳಿಸ್ಲಿ, ಲೈನ್ ಖಾಲಿ ಆಗದ ಹಾಗೆ. ಪ್ರೆಶರ್ ಎಷ್ಟು ಇಳಿಸ್ತೀರೋ ಹೆಚ್ಚು ಕಮ್ಮಿ ಅದೇ ಪ್ರಮಾಣದಲ್ಲಿ ಸೋರಿಕೆನೂ ಇಳಿಯುತ್ತೆ. 2014-15ರ ಬರದಲ್ಲಿ ಬ್ರೆಜಿಲ್‌ನ ಸಾವೊ ಪೌಲೊದಲ್ಲಿ ಇದನ್ನೇ ಮಾಡಿದ್ರು, ನೀರೂ ಉಳೀತು, ಆದ್ರೆ ದಿಣ್ಣೆ ಮೇಲಿರೋ ಬಡವರ ಮನೆಗಳಿಗೆ ಗಂಟೆಗಟ್ಟಲೆ ಹನಿ ನೀರಿಲ್ಲ. ಹಂಗಾಗಿ ಎತ್ತರದ ಏರಿಯಾಗಳಿಗೆ ಏನು ವ್ಯವಸ್ಥೆ ಅಂತ ಪ್ಲಾನಲ್ಲೇ ಬರೆಸಿ. ಇನ್ನೊಂದು, ರಾತ್ರಿ ಎರಡರಿಂದ ನಾಲ್ಕರವರೆಗೆ ಪ್ರತಿ ಏರಿಯಾದ ಮೀಟರ್ ಓದಕ್ಕೆ ಹೇಳಿ. ಎಲ್ರೂ ಮಲಗಿರೋ ಹೊತ್ತಲ್ಲೂ ಮೀಟರ್ ಜೋರಾಗಿ ಓಡ್ತಿದ್ರೆ ಆ ನೀರು ಬಹುಪಾಲು ಮಣ್ಣಿಗೆ ಹೋಗ್ತಿದೆ ಅಂತ್ಲೇ ಲೆಕ್ಕ.

ಲೆಕ್ಕದಮೇಷ್ಟ್ರು:
ನೀವು ಕೇಳಿದ "ಯಾವಾಗ" ಅನ್ನೋದೇ ಮುಖ್ಯ. ದಕ್ಷಿಣ ಆಫ್ರಿಕಾದ ಕೇಪ್ ಟೌನ್‌ನವ್ರು 2018ರ ಬರದಲ್ಲಿ ನಂಬರ್ ಹಾಕೇ ಹೇಳಿದ್ರು: ಡ್ಯಾಂಗಳು ಒಟ್ಟು 13.5%ಗೆ ಇಳಿದ ದಿನ ಮನೆ ನಲ್ಲಿ ಬಂದ್, ಸುಮಾರು 200 ಕಡೆ ಕ್ಯೂ ನಿಂತು ತಲೆಗೆ 25 ಲೀಟರ್ ತಗೊಂಡು ಹೋಗ್ಬೇಕು. ಸೊನ್ನೆಗೆ ಬರೋ ತನಕ ಯಾಕೆ ಕಾಯಲ್ಲ ಅಂದ್ರೆ ತಳದ ಸುಮಾರು 10% ನೀರು ಎತ್ತೋದೇ ಕಷ್ಟ, ಬರೀ ಕೆಸರು. ಆ ದಿನ ಬರ್ಬಾರ್ದು ಅಂತ ಫೆಬ್ರವರಿ 1ರಿಂದ ತಲೆಗೆ ದಿನಕ್ಕೆ 50 ಲೀಟರ್ ಮಿತಿ ಹಾಕಿದ್ರು, ಜನ ಸ್ನಾನದ ನೀರನ್ನೇ ಬಕೆಟ್ಟಲ್ಲಿ ಹಿಡಿದು ಫ್ಲಶ್‌ಗೆ ಹಾಕಿದ್ರು, ಆಮೇಲೆ ಮಳೆನೂ ಬಂತು, ಆ ದಿನ ಬರ್ಲೇ ಇಲ್ಲ. ನಿಮ್ಮ ಪ್ಲಾನಲ್ಲೂ ಇಷ್ಟು ಶೇಕಡಾ ಆದ್ರೆ ಇದು, ಇನ್ನೂ ಇಳಿದ್ರೆ ಇದು, ಆದೇಶಕ್ಕೆ ಸಹಿ ಹಾಕೋರು ಇಂಥ ಹುದ್ದೆಯವ್ರು ಅಂತ ಇರ್ಬೇಕು. ಇಲ್ಲಾಂದ್ರೆ ಎಲೆಕ್ಷನ್ ಮುಗೀಲಿ ಅಂತ ಕಾಯ್ತಾರೆ, ಗೊತ್ತಲ್ಲ.

ರಾತ್ರಿಪಾಳಿ:
ಡಯಾಲಿಸಿಸ್ ಯೂನಿಟ್‌ನಲ್ಲಿ ಕೆಲ್ಸ ನಂದು. ಒಬ್ಬ ಪೇಷಂಟ್‌ಗೆ ನಾಲ್ಕು ತಾಸಿನ ಒಂದು ಡಯಾಲಿಸಿಸ್‌ಗೆ ಸುಮಾರು 120 ಲೀಟರ್ ಶುದ್ಧ ನೀರು ಬೇಕು, ಆರ್‌ಓ ಪ್ಲಾಂಟ್ ಹೊರಗೆ ಬಿಡೋ ನೀರು ಬೇರೆ. ಒಂದ್ಸಲ ಟ್ಯಾಂಕರ್ ನೀರು ಬಂತು, ಯಾರೋ ಕ್ಲೋರಿನ್ ಜಾಸ್ತಿ ಸುರ್ದಿದ್ರು, ನಮಗೆ ಒಂದು ಮಾತು ಹೇಳಿಲ್ಲ. ಕುಡಿಯೋರಿಗೆ ವಾಸನೆ ಅಷ್ಟೇ, ಆದ್ರೆ ಇಲ್ಲಿ ಕಾರ್ಬನ್ ಫಿಲ್ಟರ್ ದಾಟಿ ಬಂದ್ರೆ ಸೀದಾ ಪೇಷಂಟ್ ರಕ್ತಕ್ಕೇ ಏಟು. ನಮ್ಮ ಟೆಕ್ನಿಷಿಯನ್ ಪ್ರತಿ ಪಾಳಿಗೂ ಟೆಸ್ಟ್ ಮಾಡೋ ಮನುಷ್ಯ, ಸ್ಟ್ರಿಪ್ ಬಣ್ಣ ನೋಡಿ ತಕ್ಷಣ ಮೆಷಿನ್ ನಿಲ್ಸಿದ. ಆಸ್ಪತ್ರೆಗೆ ನೀರಿನ ಮೂಲ ಬದಲಾಯಿಸೋ ಮುಂಚೆ ಫೋನ್ ಮಾಡ್ಬೇಕು ಅಂತ ಒಂದು ಸಾಲು ಸೇರ್ಸಿ ಪ್ಲೀಸ್.

ಮೂರಂತಸ್ತು:
ಎಲ್ಲಾ ಸರಿ, ಆದ್ರೆ ನಾವು ಉಳಿಸ್ತೀವಿ, ಇವ್ರು ಬಿಲ್ ಏರಿಸ್ತಾರೆ. ಆಗ?

ಲೆಕ್ಕದಮೇಷ್ಟ್ರು:
@ಮೂರಂತಸ್ತು ಏರಿಸೇ ಏರಿಸ್ತಾರೆ ಸರ್. ಪಂಪು, ಸಂಬಳ, ಸಾಲದ ಕಂತು ಯಾವ್ದೂ ನೀರಿನ ಜೊತೆ ಇಳಿಯಲ್ಲ. ಕೇಪ್ ಟೌನಲ್ಲೂ ಅದೇ ವರ್ಷ ಜುಲೈಯಲ್ಲಿ ಮೀಟರ್ ಸೈಜ್ ನೋಡಿ ಫಿಕ್ಸೆಡ್ ಚಾರ್ಜ್ ಹಾಕಿದ್ರು, ಜನ ಉರ್ದುಬಿದ್ರು. ಬರದ ಸರ್‌ಚಾರ್ಜ್ ಎಷ್ಟು, ಯಾವತ್ತು ತೆಗೀತಾರೆ ಅಂತ ಈಗ್ಲೇ ಬರೆಸ್ಕೊಂಡ್ರೆ ಜಗಳ ಕಮ್ಮಿ ಆಗುತ್ತೆ.

ಖಾಲಿಬಿಂದಿಗೆ:
ಎಲ್ರಿಗೂ ಥ್ಯಾಂಕ್ಸ್. ಶೇಕಡಾವಾರು ಹಂತ, ಸಹಿ ಹಾಕೋರು, ರಾತ್ರಿ ಪ್ರೆಶರ್, ದಿಣ್ಣೆ ಏರಿಯಾ, ಆಸ್ಪತ್ರೆಗೆ ಫೋನ್, ಸರ್‌ಚಾರ್ಜ್ ಇಷ್ಟೂ ಬರೀತಿದೀನಿ. ವಾಲ್ವ್‌ಕೀಲಿ ಅಣ್ಣಾ, ನೀವು ಸೋರಿಕೆ ಅಂದ್ರಲ್ಲ, ಹಂಗೇ ಮನೆ ಫ್ಲಶ್ ಟ್ಯಾಂಕಿಗೆ ಒಂಚೂರು ಫುಡ್ ಕಲರ್ ಹಾಕಿ ಇಪ್ಪತ್ತು ನಿಮಿಷ ಫ್ಲಶ್ ಮಾಡ್ದೆ ಬಿಟ್ಟೆ. ಹೋಗಿ ನೋಡಿದ್ರೆ ಕೆಳಗೆ ಕಮೋಡೆಲ್ಲಾ ಕೆಂಪು. ನಾಳೆ ವಾಷರ್ ತರ್ಬೇಕು.