ದಾವಣಗೆರೆಯವರಿಗೆ ಊರೆಂದರೆ ಯಾಕಿಷ್ಟು ಹೆಮ್ಮೆ?

ಪ್ರಶ್ನೆ: ಮೈಸೂರಿನಿಂದ ವರ್ಗವಾಗಿ ಬಂದು ಮೂರು ತಿಂಗಳಾಯಿತು. ಯಾರನ್ನು ಮಾತಾಡಿಸಿದರೂ ಊರಿನ ಗುಣಗಾನವೇ. ಬೆಣ್ಣೆ ದೋಸೆ ಬಿಟ್ಟರೆ ಇಲ್ಲಿ ಇನ್ನೇನಿದೆ? ತಿಳಿಯುವ ಆಸೆಯಿಂದಲೇ ಕೇಳುತ್ತಿದ್ದೇನೆ.

ಉತ್ತರ 1: ಇಲ್ಲೇ ಹುಟ್ಟಿ ಬೆಳೆದವನು ನಾನು. ಹತ್ತಿ ಮಿಲ್ಲುಗಳಿಂದಾಗಿ ಇದನ್ನು ಕರ್ನಾಟಕದ ಮ್ಯಾಂಚೆಸ್ಟರ್ ಅಂತಿದ್ದರು. ಅಪ್ಪನೂ ಮಿಲ್ ಕೆಲಸಗಾರ. ಮಿಲ್ಲು ಮುಚ್ಚಿದಾಗ ನಮ್ಮ ಬೀದಿಯ ಕಿರಾಣಿ ಅಂಗಡಿಯವರು ಐದು ತಿಂಗಳು ಬರೆದುಕೊಂಡೇ ಅಕ್ಕಿ, ಬೇಳೆ ಕೊಟ್ಟರು. ಒಂದು ದಿನವೂ ದುಡ್ಡು ಕೇಳಲಿಲ್ಲ. ಆ ಉದ್ರಿ ಪುಸ್ತಕವನ್ನು ಅಮ್ಮ ಈಗಲೂ ಇಟ್ಟಿದ್ದಾರೆ. ಅಂಚಿನ ತುಂಬಾ ಎಣ್ಣೆ ಕಲೆ, ಪ್ರತಿ ಸಾಲಿನ ಮೇಲೂ ಅಪ್ಪ ಎಳೆದ ಗೀಟು. ಪೂರ್ತಿ ತೀರಿಸಿದರು. ಹೆಮ್ಮೆ ಅಂದರೆ ನನಗೆ ಅದೇ.

ಉತ್ತರ 2: 1997ರಲ್ಲಿ ಚಿತ್ರದುರ್ಗದಿಂದ ಬೇರೆಯಾಗಿ ಜಿಲ್ಲೆಯಾಯಿತಲ್ವಾ, ಆ ಖುಷಿ ಇನ್ನೂ ಇಳಿದಿಲ್ಲ! ಬೆಳಿಗ್ಗೆ ಕುಂದುವಾಡ ಕೆರೆ ಏರಿ ಮೇಲೆ ಸುಮ್ನೆ ನಡೆಯಿರಿ. ನಾಲ್ಕನೇ ದಿನಕ್ಕೆ ಜನ ನಿಮ್ಮನ್ನು ಹೆಸರು ಹಿಡಿದು ಕರೆಯುತ್ತಾರೆ.

ಉತ್ತರ 3: ಸಂಜೆ ಮಂಡಕ್ಕಿ, ಮಿರ್ಚಿ ತಿನ್ನೋಕೆ ನಮ್ಮನೆಗೆ ಬನ್ನಿ. ಮಂಡಕ್ಕಿ ಭಟ್ಟಿಯಿಂದ ಬಿಸಿಬಿಸಿ ತರುತ್ತೇನೆ.

ಪ್ರಶ್ನೆ ಕೇಳಿದವರು: ಭಾನುವಾರ ಖಂಡಿತ ಬರುತ್ತೇನೆ. ಆ ಪುಸ್ತಕವನ್ನೂ ಒಮ್ಮೆ ನೋಡಬೇಕು.