ಫೋಟಾನ್ ಕಿರಣದಿಂದ ಹುಟ್ಟುವ ‘ಚಾರ್ಮ್ಡ್’ ಕಣ: ಕನ್ನಡದಲ್ಲಿ ಏನನ್ನೋಣ?

ಪ್ರಶ್ನೆ:
ಅರ್ಜೆಂಟ್ ಇದೆ, ವಿಜ್ಞಾನ ಪ್ರದರ್ಶನದ ಫಲಕ ನಾಳೆ ಅಚ್ಚಿಗೆ ಹೋಗಬೇಕು. ವಿಷಯ ಅಮೆರಿಕದ ಕಣಭೌತ ಪ್ರಯೋಗಾಲಯ ಫರ್ಮಿಲ್ಯಾಬಿನಲ್ಲಿ 1996–97ರಲ್ಲಿ ನಡೆದ ಫೋಕಸ್ ಪ್ರಯೋಗ. ಬೆರಿಲಿಯಂ ಆಕ್ಸೈಡ್ ಗುರಿಗೆ ಫೋಟಾನ್ (ಬೆಳಕಿನಂಥ ವಿಕಿರಣದ ಕಣ) ಕಿರಣ ಹಾಯಿಸಿ, ಹತ್ತು ಲಕ್ಷಕ್ಕೂ ಜಾಸ್ತಿ ಚಾರ್ಮ್ ಕಣಗಳನ್ನು ಗುರುತಿಸಿದರು. ‘ಫೋಟೋ ಉತ್ಪಾದನೆಯ ಮೋಹಿತ ಕಣಗಳು’ ಅಂತ ಬರೆದಿದ್ದೇನೆ. ನಡೆಯುತ್ತಾ?

ಉತ್ತರ 1:
ನಡೆಯಲ್ಲ. ‘ಫೋಟೋ ಉತ್ಪಾದನೆ’ ಸ್ಟುಡಿಯೋ ಬೋರ್ಡಿನ ಹಾಗಿದೆ. ಮೋಹಿತ ಅಂದರೆ ಮರುಳಾದವನು. ಕಣ ಯಾರಿಗೂ ಮರುಳಾಗಿಲ್ಲ, ಅದರೊಳಗೆ ಚಾರ್ಮ್ ಕ್ವಾರ್ಕ್ ಅನ್ನುವ ಮೂಲಕಣ ಇದೆ ಅಷ್ಟೇ. ‘ಚಾರ್ಮ್ ಕಣ’ ಅನ್ನಿ.

ಉತ್ತರ 2:
ಸುಮ್ನೆ ಇಂಗ್ಲಿಷ್ ಹೊತ್ತುಕೊಂಡು ಬರೋದು ಯಾಕೆ? ನಮ್ಮಲ್ಲೇ ‘ಮಾಟ’ ಇದೆ. ಆಡು–ಆಟ, ನೋಡು–ನೋಟ, ಮಾಡು–ಮಾಟ. ಮಾಟವಾದ ಮೈಕಟ್ಟು ಅಂತೀವಿ, ಮಾಟ ಮಾಡಿಸಿದರು ಅಂತಲೂ ಅಂತೀವಿ. ಸೊಬಗು, ಮಂತ್ರ ಎರಡೂ ಒಂದೇ ಪದದಲ್ಲಿ. ಇಂಗ್ಲಿಷಿನ ‘ಚಾರ್ಮ್’ಗೂ ಇದೇ ಎರಡು ಅರ್ಥ. ‘ಬೆಳಕಿನಿಂದ ಹುಟ್ಟಿದ ಮಾಟಕಣ’. ಮುಗೀತು.

ಉತ್ತರ 3:
ಮುಗಿದಿಲ್ಲ. ಪ್ರದರ್ಶನಕ್ಕೆ ಬಂದ ಮಕ್ಕಳಿಗೆ ನಿಂಬೆಹಣ್ಣು, ಕುಂಕುಮ ನೆನಪಾಗುತ್ತೆ. ಬೆಳಕು ಅಂತಲೂ ಬೇಡ. ಕಣ್ಣಿಗೆ ಕಾಣುವ ಬೆಳಕಿನ ಫೋಟಾನಿಗೆ ಎರಡು ಮೂರು ಎಲೆಕ್ಟ್ರಾನ್ ವೋಲ್ಟ್ ಶಕ್ತಿ ಇದ್ದರೆ ಹೆಚ್ಚು. ಇಲ್ಲಿ ಸರಾಸರಿ ಸುಮಾರು 180 ಗಿಗಾ, ಅಂದರೆ 18 ಸಾವಿರ ಕೋಟಿ! ವೇಗದ ಎಲೆಕ್ಟ್ರಾನ್, ಅದರ ಪ್ರತಿಕಣ ಪಾಸಿಟ್ರಾನ್‌ಗಳನ್ನು ಸೀಸದ ಹಾಳೆಗೆ ಹಾಯಿಸಿ ಪಡೆದ ಕಿರಣ ಅದು. ಆ ಫೋಟಾನ್ ಗುರಿಯೊಳಗಿನ ಗ್ಲುವಾನ್ (ಕ್ವಾರ್ಕ್‌ಗಳನ್ನು ಅಂಟಿಸಿಡುವ ಕಣ) ಜೊತೆ ಸೇರಿದಾಗ ಚಾರ್ಮ್ ಕ್ವಾರ್ಕ್ ಮತ್ತು ಅದರ ಪ್ರತಿಕಣ ಪ್ರತಿಚಾರ್ಮ್ ಜೋಡಿಯಾಗಿ ಹುಟ್ಟುತ್ತವೆ. ‘ಉತ್ಪಾದನೆ’ ಕಾರ್ಖಾನೆಯ ಮಾತು, ‘ಹುಟ್ಟು’ ಸರಿ. ಇನ್ನೊಂದು: ಜೆ/ಸೈ ಅನ್ನುವ ಕಣವನ್ನು ನಿಮ್ಮ ಫಲಕದ ಚಾರ್ಮ್ ಕಣಗಳಿಗೆ ಸೇರಿಸಬೇಡಿ. ಅದರಲ್ಲಿ ಚಾರ್ಮ್, ಪ್ರತಿಚಾರ್ಮ್ ಎರಡೂ ಇದ್ದು, ಒಂದಕ್ಕೊಂದು ವಜಾ ಆಗಿ ಚಾರ್ಮ್ ಲೆಕ್ಕ ಸೊನ್ನೆ. ಡಿ ಮೆಸಾನ್ ಅನ್ನುವ ಕಣದಲ್ಲಿ ಎರಡರಲ್ಲಿ ಒಂದೇ ಇರುತ್ತೆ, ಅದನ್ನು ಸೇರಿಸಬಹುದು.

ಉತ್ತರ 2:
ಭೌತಶಾಸ್ತ್ರದ ಪಾಠ ಯಾರು ಕೇಳಿದ್ದರು? ಕೇಳಿದ್ದು ಪದ. ಹೀಗೇ ಹೋದರೆ ಕನ್ನಡದ ಪಾಲಿಗೆ ‘ಇದೆ’, ‘ಅಲ್ಲ’ ಎರಡೇ ಉಳಿಯುತ್ತವೆ.

ಉತ್ತರ 1:
ನಿಮ್ಮ ‘ಮಾಟಕಣ’ದ ‘ಕಣ’ ಸಂಸ್ಕೃತದ್ದು ಸ್ವಾಮಿ. ಅಚ್ಚಗನ್ನಡದ ಕಣ ಬೇಕಂದರೆ ರಾಗಿ ಒಕ್ಕಬೇಕು. ಸಂಸ್ಕೃತದ ಸಾಲ ಸಾಲವಲ್ಲ, ಇಂಗ್ಲಿಷಿನದು ಮಾತ್ರ ಸಾಲ, ಅಲ್ವಾ?

ಉತ್ತರ 2:
ಹಾಗಾದರೆ ‘ಮಾಟದ ಹುಡಿ’ ಅನ್ನಿ. ನನಗೇನೂ ತಕರಾರಿಲ್ಲ.

ಉತ್ತರ 3:
ಹುಡಿ! ಕರಾವಳಿಯಲ್ಲಿ ಅದು ಸಾಂಬಾರು ಪುಡಿ. ಅದಿರಲಿ, ‘ಬ್ಯೂಟಿ’ ಅನ್ನುವ ಇನ್ನೊಂದು ಕ್ವಾರ್ಕ್ ಇದೆ. ಸೊಬಗನ್ನು ಇಲ್ಲೇ ಖರ್ಚು ಮಾಡಿದರೆ ಅದಕ್ಕೇನು ಕೊಡುತ್ತೀರಿ?

ಪ್ರಶ್ನೆ ಕೇಳಿದವರು:
‘ಫೋಟಾನ್ ಕಿರಣದಿಂದ ಹುಟ್ಟಿದ ಚಾರ್ಮ್ ಕಣಗಳು’ ಅಂತ ಕಳಿಸಿಬಿಟ್ಟೆ. ಜೆ/ಸೈ ತೆಗೆದಿದ್ದೇನೆ. ‘ಕ್ವಾರ್ಕ್’ ಬೇಕಾ, ‘ಕ್ವಾರ್ಕು’ ಬೇಕಾ ಅಂತ ಅಚ್ಚಿನವರು ಕೇಳುತ್ತಿದ್ದಾರೆ. ಯಾರಾದರೂ ಬೇಗ ಹೇಳಿ.