ಟ್ರೈನಿಂಗ್ ಖರ್ಚು ಕೇಳಬೇಕೋ ಬೇಡವೋ ಅಂದ ಪುಟ್ಟಿಗೆ ದೊಡ್ಡಮ್ಮನ ಉತ್ತರ

ಪುಟ್ಟಿ, ಮನೆಯವರ ಗ್ರೂಪಿನಲ್ಲಿ ನಿನ್ನ ಮೆಸೇಜ್ ಈಗ ನೋಡಿದೆ. ಅಲ್ಲಿ ಇಂಗ್ಲೆಂಡಿನಲ್ಲಿ ನೀನು ವಯಸ್ಸಾದವರನ್ನು ನೋಡಿಕೊಳ್ಳುವ ಕೇರ್ ಹೋಮಿನವರು ಕಡ್ಡಾಯ ಟ್ರೈನಿಂಗ್ ಅಂತ ಬರ್ಮಿಂಗ್‌ಹ್ಯಾಮಿಗೆ ಕಳಿಸುತ್ತಿದ್ದಾರೆ, ಹೋಗಿ ಬರಲು 80 ಮೈಲಿ, ಪಾರ್ಕಿಂಗ್‌ಗೇ 14 ಪೌಂಡ್, ದುಡ್ಡು ಕೇಳಿದರೆ ಮ್ಯಾನೇಜರ್ ಮುಖ ಊದಿಸಿಕೊಳ್ಳುತ್ತಾಳೋ ಏನೋ, ವೀಸಾ ಬೇರೆ ಅವರ ಕೈಯಲ್ಲಿದೆ, ಏನು ಮಾಡಲಿ ಅಂತ ಕೇಳಿದ್ದೀಯ. ಟೈಪ್ ಮಾಡಲು ನನ್ನ ಕಣ್ಣು ಸಾಲದು, ಅದಕ್ಕೆ ಮಾತಾಡಿಯೇ ಹೇಳುತ್ತೇನೆ. ಉದ್ದ ಆಯಿತು ಅಂತ ಯಾರೂ ಅರ್ಧಕ್ಕೇ ಬಿಡಬೇಡಿ. ಹಿಂದೆ ಕುಕ್ಕರ್ ಕೂಗುತ್ತದೆ, ಹೆದರಬೇಡಿ.

ಕೇಳು. ಧಾರಾಳವಾಗಿ ಕೇಳು. ಆದರೆ ಬಾಯಿಮಾತಲ್ಲಿ ಕೇಳಬೇಡ, ಬಾಯಿಮಾತಲ್ಲಿ ಬಂದ ಉತ್ತರವನ್ನೂ ನಂಬಬೇಡ.

ನನ್ನ ಕಥೆ ನಿಮ್ಮಮ್ಮನಿಗೆ ಗೊತ್ತು, ನಿನಗೆ ಗೊತ್ತಿರಲಿಕ್ಕಿಲ್ಲ, ನೀನು ಆಗ ಹಾಸನದಲ್ಲಿ ಎಲ್‌ಕೆಜಿ. ನಾನು ಆಗ ಒಂದು ಏಜೆನ್ಸಿಯಲ್ಲಿದ್ದೆ, ಹೆಸರು ಬೇಡ. ರೋಗಿಗಳನ್ನು ಎತ್ತುವುದು, ಮಗ್ಗುಲು ಬದಲಿಸುವುದು, ಹಾಯಿಸ್ಟ್ ಅಂತ ಎತ್ತುವ ಯಂತ್ರ ಹಾಕುವುದು, ಇದರ ಟ್ರೈನಿಂಗ್ ಇಲ್ಲದೆ ಶಿಫ್ಟೇ ಕೊಡುವುದಿಲ್ಲ ಅಂದರು. ಟ್ರೈನಿಂಗ್ ಬೇರೆ ಊರಲ್ಲಿ. ಟೀ ಕುಡಿಯುವಾಗ ಮೇಲಿನಾಕೆ ನಗುನಗುತ್ತಾ, ಎಲ್ಲಾ ಸ್ಲಿಪ್ ಇಟ್ಟುಕೊಳ್ಳಿ, ಸಂಬಳದ ಜೊತೆ ಹಾಕುತ್ತೇವೆ ಅಂದಳು. ನಾವು ಹೂಂ ಅಂದೆವು. ಜನವರಿ ಚಳಿ, ಹಾಲ್ ಪಕ್ಕದ ಪಾರ್ಕಿಂಗ್ ಮೆಷಿನ್ ಚಿಲ್ಲರೆ ಮಾತ್ರ ನುಂಗುತ್ತಿತ್ತು, ಅಂಗಡಿಗೆ ಓಡಿ ಬೇಡದ ಚಾಕಲೇಟ್ ಕೊಂಡು ಚಿಲ್ಲರೆ ಮಾಡಿಸಿದ್ದು ಇನ್ನೂ ನೆನಪಿದೆ. ಸ್ಲಿಪ್ ಎಲ್ಲಾ ಲಕೋಟೆಯಲ್ಲಿ ಹಾಕಿ ಕೊಟ್ಟೆ. ಅಷ್ಟರಲ್ಲಿ ಆ ನಗುಮುಖದಾಕೆ ಕೆಲಸ ಬಿಟ್ಟು ಹೋಗಿದ್ದಳು. ಬಂದ ಹೊಸಬ, ಒಪ್ಪಿಗೆ ಎಲ್ಲಿದೆ ತೋರಿಸಿ ಅಂದ. ಎಲ್ಲಿಂದ ತೋರಿಸೋದು? ನಮ್ಮ ಜೊತೆಗಿದ್ದ ಪೋಲೆಂಡಿನ ಹುಡುಗಿ ಅಲ್ಲೇ ಅತ್ತಳು, ಪಾಪ. ಒಂದು ಪೆನ್ನಿಯೂ ಬರಲಿಲ್ಲ. ಕೆಲಸ ಕಡ್ಡಾಯ, ಖರ್ಚು ನಮ್ಮದು.

ಅದಕ್ಕೇ ಮತ್ತೆ ಹೇಳುತ್ತೇನೆ, ಬಾಯಿಮಾತು ನಂಬಬೇಡ ಪುಟ್ಟಿ. ಮ್ಯಾನೇಜರ್ ಎಷ್ಟೇ ಒಳ್ಳೆಯವಳಿರಲಿ. ಒಳ್ಳೆಯವರೇ ಮೊದಲು ಕೆಲಸ ಬಿಟ್ಟು ಹೋಗುವುದು.

ಇನ್ನು ನಿನ್ನ ಮೆಸೇಜ್ ಕೆಳಗೆ ಚಿಕ್ಕ ಭಾವ ನಗುವ ಚಿತ್ರ ಹಾಕಿ, ಪೌಂಡಲ್ಲಿ ಎಣಿಸುವವರಿಗೆ 14 ಪೌಂಡ್ ಯಾವ ಲೆಕ್ಕ ಅಂತ ಬರೆದಿದ್ದಾರಲ್ಲ, ಅದನ್ನೂ ನೋಡಿದೆ. ಭಾವ, ನೀವು ದೊಡ್ಡವರು, ಆದರೂ ಹೇಳುತ್ತೇನೆ. ಪೌಂಡಲ್ಲಿ ಬರುತ್ತದೆ, ಪೌಂಡಲ್ಲೇ ಹೋಗುತ್ತದೆ. ಆ 14 ಪೌಂಡ್ ಆ ಹುಡುಗಿ ಒಂದು ಗಂಟೆಗೂ ಜಾಸ್ತಿ ಹೊತ್ತು ಮುದುಕರ ಮೈ ತೊಳೆದು ದುಡಿದದ್ದು. ನಾನು ಊರಿಗೆ ಬಂದಾಗಲೆಲ್ಲ ಸೂಟ್‌ಕೇಸ್ ಬಿಚ್ಚುವಾಗ ಮನೆ ತುಂಬಾ ಜನ ಇರುತ್ತೀರಿ. ದೇವನಹಳ್ಳಿ ಏರ್‌ಪೋರ್ಟಿನಿಂದ ಹಾಸನದವರೆಗೆ ಟ್ಯಾಕ್ಸಿಗೆ ಎಷ್ಟಾಯಿತು ಅಂತ ಒಬ್ಬರಾದರೂ ಕೇಳಿದ್ದೀರಾ? ಕರೆದುಕೊಂಡು ಹೋಗಲು ಬರುವುದಂತೂ ದೂರ ಉಳಿಯಿತು. ಮದುವೆಗೆ ಒಡವೆ ಬೇಕಾದಾಗ ನಾನು ಲಂಡನ್ ಅತ್ತಿಗೆ, ಮಂಡಿ ನೋವು ಅಂದರೆ ಅಲ್ಲಿ ಫ್ರೀ ಡಾಕ್ಟರ್ ಇದ್ದಾರಲ್ಲ ಅನ್ನುತ್ತೀರಿ. ಅಂದಹಾಗೆ ನಾನಿರುವುದು ಲಂಡನ್ ಅಲ್ಲ, ಲೆಸ್ಟರ್, ಇಷ್ಟು ವರ್ಷ ಆದರೂ ಯಾರಿಗೂ ತಲೆಗೆ ಹೋಗಿಲ್ಲ. ಇರಲಿ ಬಿಡಿ. ಹಬ್ಬದ ಹೊತ್ತಲ್ಲಿ ಬೇಡ.

ಏನು ಹೇಳುತ್ತಿದ್ದೆ? ಹಾಂ, ಪುಟ್ಟಿ, ಮುಖ್ಯ ವಿಷಯವೇ ಬಿಟ್ಟುಹೋಯಿತು ನೋಡು.

ಹೋಗುವ ಮುಂಚೆಯೇ ಮ್ಯಾನೇಜರ್‌ಗೆ ಎರಡು ಸಾಲು ಈಮೇಲ್ ಹಾಕು. ಇಂಥ ದಿನ ಟ್ರೈನಿಂಗ್‌ಗೆ ಹೋಗುತ್ತಿದ್ದೇನೆ, ಮೈಲೇಜ್ ಮತ್ತು ಪಾರ್ಕಿಂಗ್ ಹೇಗೆ ಕ್ಲೇಮ್ ಮಾಡಬೇಕು, ಫಾರ್ಮ್ ಕಳಿಸಿ ಅಂತ. ಮೈಲೇಜ್ ಅಂದರೆ ಇಲ್ಲಿ ಓಡಿಸಿದ ಮೈಲಿಗೆ ಇಷ್ಟು ಅಂತ ಕೊಡುವ ದುಡ್ಡು. ಕೊಡುತ್ತೀರಾ ಅಂತ ಕೇಳಬೇಡ, ಹೇಗೆ ಅಂತ ಕೇಳು. ಕಾಂಟ್ರಾಕ್ಟಿನಲ್ಲಿ, ಸ್ಟಾಫ್ ಹ್ಯಾಂಡ್‌ಬುಕ್ಕಿನಲ್ಲಿ ಏನಿದೆ ನೋಡಿಕೋ. ಖಾಸಗಿ ಕಂಪನಿ ಪ್ರಯಾಣದ ಖರ್ಚು ಕೊಡಲೇಬೇಕು ಅಂತ ಸಾಮಾನ್ಯ ಕಾನೂನು ಇಲ್ಲ, ಅವರ ನಿಯಮ ಏನೋ ಅದೇ. ಆದರೆ ಟ್ರೈನಿಂಗ್‌ನ ಹೊತ್ತು ಕೆಲಸದ ಹೊತ್ತೇ, ಅದಕ್ಕೆ ಸಂಬಳ ಬರಬೇಕು. ಮತ್ತೆ ಕೆಲಸಕ್ಕಾಗಿ ನೀನು ಹಾಕಿದ ಖರ್ಚು ಕಳೆದರೆ ಸಂಬಳ ಕನಿಷ್ಠ ವೇತನಕ್ಕಿಂತ ಕೆಳಗೆ ಇಳಿಯುವ ಹಾಗಿಲ್ಲ. ನಿನ್ನಂಥವರಿಗೆ ಈ ಮಾತು ಮುಖ್ಯ, ಕೇರ್ ಕೆಲಸದವರ ಸಂಬಳ ಅಲ್ಲೇ ಅಂಚಿನಲ್ಲಿರುತ್ತದೆ. ಅನುಮಾನ ಬಂದರೆ ಏಕಾಸ್ ಅಂತ ಕೆಲಸದ ಹಕ್ಕುಗಳ ಬಗ್ಗೆ ಹೇಳುವ ಸಾರ್ವಜನಿಕ ಸಂಸ್ಥೆ ಇದೆ, ಅವರಿಗೆ ಫೋನ್ ಮಾಡು, ದುಡ್ಡಿಲ್ಲದೆ ಸಲಹೆ ಕೊಡುತ್ತಾರೆ.

ಕಂಪನಿ ಕೊಡದಿದ್ದರೆ ಅಥವಾ ಕಡಿಮೆ ಕೊಟ್ಟರೆ ತೆರಿಗೆಯವರ ಹತ್ತಿರ ಪಿ87 ಅಂತ ಫಾರ್ಮ್ ಇದೆ, ಕೆಲಸಕ್ಕೆ ಹಾಕಿದ ಖರ್ಚಿನ ಮೇಲಿನ ತೆರಿಗೆ ವಾಪಸ್ ಕೇಳಲು. ತೆರಿಗೆ ಇಲ್ಲದ ಕಾರಿನ ಖರ್ಚು ಅಂತ 2011ರಲ್ಲಿ ಮೈಲಿಗೆ 45 ಪೆನ್ಸ್ ಮಾಡಿದರು, ಮೊದಲ 10,000 ಮೈಲಿಗೆ. ಆಮೇಲೆ ಪೆಟ್ರೋಲ್ ಎಲ್ಲೆಲ್ಲಿಗೋ ಏರಿದರೂ ಆ 45 ವರ್ಷಗಟ್ಟಲೆ ಅಲ್ಲಾಡಲೇ ಇಲ್ಲ. ಕಂಪನಿ 25 ಪೆನ್ಸ್ ಕೊಟ್ಟರೆ ಉಳಿದ 20ಕ್ಕೆ ನೀನು ಕ್ಲೇಮ್ ಮಾಡಬಹುದು. ಹುಷಾರು, ಆ 20 ಪೂರ್ತಿ ಕೈಗೆ ಬರುವುದಿಲ್ಲ, ಅದರ ಮೇಲಿನ ತೆರಿಗೆ ಮಾತ್ರ. ನಿನ್ನ 80 ಮೈಲಿಗೆ 16 ಪೌಂಡ್ ಲೆಕ್ಕ, ಶೇ 20ರಂತೆ ಸಿಗುವುದು 3 ಪೌಂಡ್ 20 ಪೆನ್ಸ್. ಅದಕ್ಕೇ ಮೊದಲು ಕಂಪನಿಯನ್ನು ಹಿಡಿ. ಪಾರ್ಕಿಂಗ್ ಆ 45ರಲ್ಲಿ ಸೇರಿಲ್ಲ, ಅದು ಬೇರೆ. ದಂಡ ಬಿದ್ದರೆ ಮಾತ್ರ ಅದು ನಿನ್ನದೇ, ಯಾರೂ ಕೊಡುವುದಿಲ್ಲ. 2024ರ ಅಕ್ಟೋಬರ್‌ನಿಂದ ಫಾರ್ಮ್ ಜೊತೆ ಪುರಾವೆ ಕೇಳುತ್ತಾರೆ, ಅದಕ್ಕೆ ಹೊರಟ ಜಾಗ ಮತ್ತು ತಲುಪಿದ ಜಾಗದ ಪೋಸ್ಟ್‌ಕೋಡ್, ತಾರೀಖು, ಯಾಕೆ ಹೋದೆ ಅನ್ನುವುದು, ಎಲ್ಲಾ ಬರೆದಿಡು. ಸ್ಲಿಪ್ಪಿನ ಫೋಟೋ ಅವತ್ತೇ ತೆಗೆ, ಆ ಕಾಗದದ ಅಕ್ಷರ ಬೇಗ ಅಳಿಸಿಹೋಗುತ್ತದೆ. ಹಿಂದಿನ ನಾಲ್ಕು ತೆರಿಗೆ ವರ್ಷದ್ದನ್ನೂ ಕೇಳಬಹುದು, ಹಳೆಯ ಟ್ರೈನಿಂಗ್‌ಗಳದ್ದು ಏನಾದರೂ ಇದ್ದರೆ ಹುಡುಕು. ನೀನು ದಿನಾ ಕೆಲಸ ಮಾಡುವ ಜಾಗದಲ್ಲೇ ಟ್ರೈನಿಂಗ್ ಆದರೆ ಇದು ಯಾವುದೂ ನಡೆಯುವುದಿಲ್ಲ.

ನಿಮ್ಮ ಯಜಮಾನರ ಹಳೇ ಡೀಸೆಲ್ ಕಾರು ತಗೊಂಡು ಹೋಗಬೇಡ. ಬರ್ಮಿಂಗ್‌ಹ್ಯಾಮ್ ನಡುಪೇಟೆಯಲ್ಲಿ ಕ್ಲೀನ್ ಏರ್ ಜೋನ್ ಇದೆ, ಹೊಗೆ ಜಾಸ್ತಿ ಬಿಡುವ ಗಾಡಿಗೆ ದುಡ್ಡು ಹಾಕುವ ಜಾಗ, ಯೂರೋ 6 ಅನ್ನುವ ಹೊಗೆ ಮಟ್ಟಕ್ಕೆ ಬಾರದ ಡೀಸೆಲ್‌ಗೆ ದಿನಕ್ಕೆ 8 ಪೌಂಡ್. ಮತ್ತೆ ಕಾರ್ ಇನ್ಶೂರೆನ್ಸ್‌ನಲ್ಲಿ ಬಿಸಿನೆಸ್ ಯೂಸ್, ಅಂದರೆ ಕೆಲಸದ ಮೇಲೆ ಬೇರೆ ಕಡೆ ಓಡಿಸುವುದು, ಸೇರಿದೆಯಾ ನೋಡು, ಬರೀ ಮನೆಯಿಂದ ಕೇರ್ ಹೋಮಿಗೆ ಹೋಗಿಬರುವ ಪಾಲಿಸಿ ಇದಕ್ಕೆ ಸಾಲದೇ ಹೋಗಬಹುದು. ಅದನ್ನು ಇವತ್ತೇ ಫೋನ್ ಮಾಡಿ ಕೇಳು, ಈಮೇಲ್ ಹಾಕಿದ ಮೇಲೆ ನನಗೂ ಒಂದು ಸ್ಕ್ರೀನ್‌ಶಾಟ್ ಕಳಿಸು.